ನಾಲ್ಕು ಬೆರಳಿನ ಜಾಗ

ರಾಗಿ ಬೀಸಿಸಲು ಮಿಲ್ಲಿಗೆ ಹೋಗುವವರು ಡಬ್ಬವನ್ನು ಬಾಯಿಮಟ್ಟ ತುಂಬಿಕೊಂಡು ಹೋಗಬಾರದು. ಕಾಳಾಗಿದ್ದಾಗ ಹಿಡಿಸಿದ ರಾಗಿ ಹಿಟ್ಟಾದ ಮೇಲೆ ಅದೇ ಡಬ್ಬದಲ್ಲಿ ಹಿಡಿಸುವುದಿಲ್ಲ. ಬಿಸಿಗೆ ಹಗುರವಾಗಿ, ಉಬ್ಬಿ, ಮೇಲೆ ಬರುತ್ತದೆ. ಅದಕ್ಕೆ ನಾಲ್ಕು ಬೆರಳು ಜಾಗ ಬಿಡಬೇಕು. ಇದನ್ನು ನಾನು ನನ್ನ ಮೊಮ್ಮಗಳಿಗೆ ಐದು ವರ್ಷವಿದ್ದಾಗ ಕಲಿಸಿದೆ. ಅವಳ ಪುಟ್ಟ ಬೆರಳಲ್ಲ, ನನ್ನ ಬೆರಳು ಎಂದೂ ಹೇಳಿಕೊಟ್ಟೆ. ಆ ಪಾಠ ಅವಳ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಇಪ್ಪತ್ತು ವರ್ಷ ಕಳೆದ ಮೇಲೆ ಅದರಿಂದಲೇ ಅವಳ ಸಂಶೋಧನೆಯ ಕೆಲಸ ಹದಿನೆಂಟು ದಿನ ನಿಂತುಹೋಯಿತು. ಅವಳು ಊರಿಗೆ ಬರುವುದೂ ನಿಂತಿತು.

ಅದನ್ನು ಬರೆಯಲು ಕುಳಿತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಹಿಂದುಮುಂದಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಿ. ಎದೆ ತುಂಬಿಕೊಂಡಿದೆ, ಯಾರಿಗೂ ಹೇಳದೆ ಇರಲು ಆಗುತ್ತಿಲ್ಲ.

ನಮ್ಮ ಮಿಲ್ಲು ಹುಣಸೂರಿನಿಂದ ಹನಗೋಡಿಗೆ ಹೋಗುವ ದಾರಿಯ ಒಂದು ಊರಿನಲ್ಲಿತ್ತು. ಇತ್ತು ಎಂದು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ಒಂದು ಮೋಟಾರು, ಒಂದು ಜೋಡಿ ಕಲ್ಲು, ಒಂದು ಬೆಲ್ಟು. ನಮ್ಮ ಯಜಮಾನರು ಹಾಕಿಸಿದ್ದು. ಅವರು ಹೋದ ಮೇಲೆ ನಾನೇ ನಡೆಸಿದೆ. ರಾಗಿ ಬೀಸಿದ ಮೇಲೆ ಮೆಣಸಿನಕಾಯಿ ಹಾಕಬಾರದು, ಅಕ್ಕಿಗೆ ಕಲ್ಲು ಎಷ್ಟು ಬಿಗಿಯಬೇಕು, ಬೀಳುವ ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ ನುಣುಪು ತಿಳಿಯುವುದು ಹೇಗೆ, ಎಲ್ಲ ಅವರು ಕಲಿಸಿದ್ದೇ.

ನಮ್ಮಲ್ಲಿ ಬೀಸಿಸಲು ಬಂದವರು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಡಬ್ಬವನ್ನು ಸಾಲಿಗೆ ಇಟ್ಟು, ಏನು ಬೀಸಬೇಕು, ಎಷ್ಟು ನುಣ್ಣಗೆ ಎಂದು ಹೇಳಿ, ಹೊಲಕ್ಕೋ ಸಂತೆಗೋ ಹೋಗಿಬಿಡುತ್ತಿದ್ದರು. ಡಬ್ಬ ಇದ್ದರೆ ಆಳು ಇದ್ದಂತೆಯೇ. ಬೇರೆಯವರ ಡಬ್ಬವನ್ನು ಹಿಂದಕ್ಕೆ ತಳ್ಳಿ ತಮ್ಮದನ್ನು ಮುಂದಿಟ್ಟವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಎರಡೇ ಸಲ. ಎರಡು ಸಲವೂ ಅವರು ನಮ್ಮ ನೆಂಟರೇ.

ನನ್ನ ಮಗಳಿಗೆ ಕೆ.ಆರ್. ನಗರದ ಕಡೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿದಾಗ ಮಗುವನ್ನು ನನ್ನ ಹತ್ತಿರ ಬಿಟ್ಟಳು. ಏಳನೇ ಕ್ಲಾಸಿನವರೆಗೆ ಮೊಮ್ಮಗಳು ಬೆಳೆದದ್ದು ಆ ಮಿಲ್ಲಿನಲ್ಲೇ. ಒಂದು ಡಬ್ಬ ಮುಗಿದರೆ ಉಳಿದವನ್ನೆಲ್ಲ ಒಂದೊಂದು ಹೆಜ್ಜೆ ಮುಂದಕ್ಕೆ ತಳ್ಳುವುದು ಅವಳ ಕೆಲಸ. ಅವಳಿಗೇ ಒಂದು ಡಬ್ಬವಿತ್ತು, ಹಾಲಿನ ಪುಡಿಯದ್ದು, ಪಾವು ರಾಗಿ ಹಿಡಿಸುವಂಥದ್ದು. ಅದನ್ನೂ ಎಲ್ಲರ ಹಾಗೆ ಸಾಲಿಗಿಟ್ಟು, ಸರದಿ ಬರುವವರೆಗೆ ಕಾದು ಬೀಸಿಸಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ರೆಪ್ಪೆ, ಹುಬ್ಬು, ಕೂದಲು ಎಲ್ಲ ಹಿಟ್ಟು.

‘ಅಜ್ಜಿ, ನಾನೂ ಮುದ್ಕಿ ಆದೆ ನೋಡು’ ಎನ್ನುತ್ತಿದ್ದಳು.

‘ಆಗು. ಆಮೇಲೆ ನೀನೇ ಮಿಲ್ಲು ನೋಡ್ಕೊ, ನಾನು ಹುಡ್ಗಿ ಆಯ್ತೀನಿ’ ಎನ್ನುತ್ತಿದ್ದೆ.

ಅವಳು ಮಿಲ್ಲು ನೋಡಿಕೊಳ್ಳಲಿಲ್ಲ. ಆದರೆ ರಾಗಿಯನ್ನೂ ಬಿಡಲಿಲ್ಲ. ರಾಗಿ ತೆನೆಗೆ ಬೆಂಕಿ ರೋಗ ಬೀಳುತ್ತದಲ್ಲ, ಅದನ್ನು ಯಾವ ತಳಿ ತಡೆದುಕೊಳ್ಳುತ್ತದೆ, ತಡೆದುಕೊಳ್ಳುವ ಶಕ್ತಿ ಕಾಳಿನೊಳಗೆ ಎಲ್ಲಿ ಕೂತಿದೆ ಎಂದು ಹುಡುಕುವುದು ಅವಳ ಓದು. ಅದಕ್ಕಾಗಿ ದೂರದ ಒಂದು ಸಂಶೋಧನಾ ಸಂಸ್ಥೆ ಸೇರಿ ಎರಡು ವರ್ಷವಾಯಿತು. ಹೋದ ಹೊಸದರಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಆಮೇಲೆ ಹಬ್ಬಕ್ಕೆ ಬರುವಂತಾಯಿತು. ಈ ಸಲ ಯುಗಾದಿಗೆ ಬಂದು ಹೋದವಳು ಗೌರಿ ಹಬ್ಬ ಕಳೆದರೂ ಬಂದಿರಲಿಲ್ಲ.

ಮಿಲ್ಲನ್ನು ನಿಲ್ಲಿಸಬೇಕಾಗಿ ಬಂದದ್ದು ಆ ಹೊತ್ತಿಗೇ. ನನ್ನ ಮಂಡಿ ಕೇಳುತ್ತಿರಲಿಲ್ಲ. ಅಂಗಡಿಯಲ್ಲಿ ಹಿಟ್ಟಿನ ಪೊಟ್ಟಣ ಸಿಗುವಂತಾದ ಮೇಲೆ ದಿನಕ್ಕೆ ಮೂರು ಡಬ್ಬ ಬಂದರೆ ಹೆಚ್ಚು. ಸರಗೂರಿನಲ್ಲಿ ಖಾರದ ಪುಡಿ ಬೀಸುವ ಒಬ್ಬರಿದ್ದಾರೆ, ನಾನು ಅವರನ್ನು ಭಾಯಿ ಎಂದೇ ಕರೆಯುವುದು. ನಮ್ಮ ಕಲ್ಲಿಗೆ ಉಳಿ ಹೊಡೆದು ಹರಿತ ಮಾಡಿಕೊಡುತ್ತಿದ್ದವರೂ ಅವರೇ. ಮೋಟಾರು, ಕಲ್ಲು ಎಲ್ಲ ನೀವೇ ತೆಗೆದುಕೊಂಡು ಹೋಗಿ, ಹಾಳಾಗದಂತೆ ನಡೆಸುತ್ತೀರಿ ಎಂದು ಅವರಿಗೆ ಹೇಳಿದೆ. ಒಂದೇ ಒಂದು ಮಾತು ಕೇಳಿಕೊಂಡೆ. ಮೊಮ್ಮಗಳು ಬರಲಿ, ಕೊನೆಯ ಡಬ್ಬ ಅವಳ ಕೈಯಲ್ಲಿ ಬೀಸಿಸಬೇಕು, ಆಮೇಲೆ ಬಿಚ್ಚಿ.

‘ಆಗ್ಲಿ ಅಮ್ಮಾ. ಮಗು ಬರ್ಲಿ’ ಅಂದರು.

ಮಗು ಬರಲಿಲ್ಲ. ಫೋನಿನಲ್ಲಿ ಮುಖ ಕಾಣುತ್ತಿತ್ತು, ಬರುತ್ತೇನೆ ಎನ್ನುತ್ತಿತ್ತು, ಬರುತ್ತಿರಲಿಲ್ಲ.

‘ಇನ್ನೂ ಕ್ಯೂನಲ್ಲೇ ಅದೆ ಕಣಜ್ಜಿ’ ಎನ್ನುತ್ತಿದ್ದಳು.

‘ಏನ್ ಮಗ ಅದು, ದಿನಾ ಕ್ಯೂ ಕ್ಯೂ ಅಂತೀಯ? ನಿಂತೂ ನಿಂತೂ ಕಾಲು ನೋಯಲ್ವ?’

‘ನಾನ್ ನಿಂತಿಲ್ಲ. ಡಬ್ಬ ಇಟ್ಟಿವ್ನಿ.’

‘ಡಬ್ಬ ಇಟ್ಮೇಲೆ ಎದ್ದು ಬರಾಕೇನು ದಾಡಿ ನಿಂಗೆ?’

ಆಗ ನಕ್ಕಳು. ನಕ್ಕು, ಅವತ್ತು ಬಿಡಿಸಿ ಹೇಳಿದಳು. ನನಗೆ ತಿಳಿದಷ್ಟು ಬರೆಯುತ್ತೇನೆ.

ಅವಳ ಸಂಸ್ಥೆಯಲ್ಲಿ ಒಂದು ತಣ್ಣನೆಯ ಕೋಣೆಯಿದೆ. ಅದರ ತುಂಬ ಕಂಪ್ಯೂಟರು, ಬೀರುವಿನಲ್ಲಿ ಸೀರೆ ಜೋಡಿಸಿದ ಹಾಗೆ ಒಂದರ ಮೇಲೊಂದು. ಅವುಗಳ ಮುಂದೆ ಯಾರೂ ಕೂರುವುದಿಲ್ಲ. ಎಲ್ಲ ಸೇರಿ ಒಂದೇ ಆಳಿನ ಹಾಗೆ ಕೆಲಸ ಮಾಡುತ್ತವೆ. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಒಳಗೆ ನಡೆಯುವುದು ಲಿನಕ್ಸ್. ಅಲ್ಲಿ ಒತ್ತಲು ಚಿತ್ರಗಳಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನು ಬೇಕೋ ಬರೆಯಬೇಕು. ಆ ಕಂಪ್ಯೂಟರುಗಳು ಯಾರೊಬ್ಬರವೂ ಅಲ್ಲ, ಸಂಸ್ಥೆಯಲ್ಲಿ ಇರುವವರೆಲ್ಲರವು. ಎಲ್ಲಿ ಕೂತಿದ್ದರೂ ತಮ್ಮ ಲ್ಯಾಪ್‌ಟಾಪಿನಿಂದಲೇ ಅದರ ಬಾಗಿಲಿಗೆ ಹೋಗಬಹುದು. ಪಾಸ್‌ವರ್ಡು ಹೇಳಿ, ಫೋನಿನಲ್ಲಿ ಬರುವ ಅಂಕೆ ಒತ್ತಿದರೆ ಬಾಗಿಲು ತೆರೆಯುತ್ತದೆ. ಆ ಬಾಗಿಲೂ ಒಂದು ಕಂಪ್ಯೂಟರೇ. ಅಲ್ಲಿ ನಿಂತು ಚೀಟಿ ಬರೆದಿಡಬೇಕು: ಇಂಥ ಕೆಲಸ, ಇಷ್ಟು ಕಂಪ್ಯೂಟರು ಬೇಕು, ಇಷ್ಟು ಹೊತ್ತು ಬೇಕು. ಇಟ್ಟು ಬಂದರೆ, ಸರದಿ ಸಿಕ್ಕಾಗ ಕೆಲಸ ತಾನೇ ನಡೆಯುತ್ತದೆ.

ಕೇಳುತ್ತ ಕೇಳುತ್ತ ನನಗೆ ಮೈ ಜುಮ್ಮೆಂದಿತು. ನಾನು ಏನೋ ಎಂದುಕೊಂಡಿದ್ದೆ. ಮಗು ನಮ್ಮ ಮಿಲ್ಲಿನಿಂದ ಎದ್ದು ಇನ್ನೊಂದು ಮಿಲ್ಲಿಗೆ ಹೋಗಿದೆ, ಅಷ್ಟೆ.

ಸೇರಿದ ಹೊಸದರಲ್ಲಿ ತಿಳಿಯದೆ ಬಾಗಿಲಿನ ಕಂಪ್ಯೂಟರಿನಲ್ಲೇ ಕೆಲಸ ಶುರುಮಾಡಿಬಿಟ್ಟಿದ್ದಳಂತೆ. ಬಂದವರಿಗೆಲ್ಲ ಬಾಗಿಲು ನಿಧಾನವಾಗಿ, ನೋಡಿಕೊಳ್ಳುವವರು ಕೆಲಸ ನಿಲ್ಲಿಸಿ ಕಾಗದ ಬರೆದರಂತೆ.

‘ಬಾಗ್ಲಲ್ಲಿ ಮೊರ ಹಿಡ್ಕೊಂಡು ಕೇರಕ್ಕೆ ಕೂತ್ಕೊಳ್ಳೋರ್ನ ನಿಮ್ಮಜ್ಜ ಏನಂತಿದ್ರು, ಮರ್ತೋಯ್ತಾ?’

‘ಮರ್ತಿಲ್ಲ. ಅದ್ನ ಫೋನಲ್ಲಿ ಹೇಳಂಗಿಲ್ಲ ಬುಡು’ ಅಂದಳು.

ಅಷ್ಟು ನಗಿಸಿದಳು. ಆದರೆ ಫೋನು ಇಟ್ಟ ಮೇಲೆ ಮನೆ ಇನ್ನಷ್ಟು ಖಾಲಿಯಾಗುತ್ತಿತ್ತು. ಎಂದು ಬರುತ್ತೀಯ ಎಂದು ಕೇಳಿದರೆ ಅದೇ ಮಾತು. ಆ ಕೆಲಸ ಮುಗಿದು ಬಂದದ್ದನ್ನು ಅವಳ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರಿಗೆ ತೋರಿಸಬೇಕು, ಅದಾಗದೆ ರಜೆ ಕೇಳಲು ಮುಖವಿಲ್ಲ. ಕೆಲಸ ಶುರುವೇ ಆಗಿಲ್ಲ. ಹತ್ತು ದಿನವಾಯಿತು, ಹನ್ನೆರಡಾಯಿತು, ಸಾಲು ಕದಲಲಿಲ್ಲ.

ನಾನು ಬೆಳಿಗ್ಗೆ ಮಿಲ್ಲಿನ ಬಾಗಿಲು ತೆಗೆದು ಕೂರುತ್ತಿದ್ದೆ. ಯಾರೂ ಬರದ ದಿನವೂ ಒಮ್ಮೆ ಮೋಟಾರು ಹಾಕುತ್ತಿದ್ದೆ. ಬೆಲ್ಟಿನ ಸದ್ದು ಎದ್ದ ಕೂಡಲೇ ಹಿಂದಿನಿಂದ ಡಬ್ಬ ತಳ್ಳುವ ಸದ್ದೂ ಕೇಳಿದ ಹಾಗಾಗುತ್ತಿತ್ತು. ತಿರುಗಿ ನೋಡುತ್ತಿದ್ದೆ. ನೆಲದಲ್ಲಿ ಡಬ್ಬಗಳು ಎಳೆದಾಡಿ ಸವೆದ ಗೆರೆ ಮಾತ್ರ ಇರುತ್ತಿತ್ತು, ಬಾಗಿಲಿನಿಂದ ಕಲ್ಲಿನವರೆಗೆ, ಹೊಲದ ಕಾಲುದಾರಿಯ ಹಾಗೆ. ಆ ಗೆರೆಯಲ್ಲಿ ಅವಳು ಬರಿಗಾಲಲ್ಲಿ ನಿಂತಿರುತ್ತಿದ್ದ ಜಾಗ ನನಗೆ ಗೊತ್ತು. ಹುಡುಗಿ ಓದಿ ದೊಡ್ಡವಳಾಗಲಿ ಎಂದು ಹರಸಿದವಳು ನಾನೇ. ಅವಳ ಸಂಸ್ಥೆಯ ಹೆಸರು ಹೇಳುವಾಗ ಸಂತೆಯಲ್ಲಿ ನನ್ನ ದನಿ ತಾನೇ ಮೇಲಾಗುತ್ತದೆ. ಅಷ್ಟಾದರೂ ಆ ಗೆರೆ ನೋಡುವಾಗ, ಒಂದು ದಿನದ ಮಟ್ಟಿಗೆ ಅವಳು ಮತ್ತೆ ಐದು ವರ್ಷದವಳಾಗಬಾರದೇ ಎನಿಸುತ್ತಿತ್ತು.

ಭಾಯಿ ಬುಧವಾರ ಫೋನು ಮಾಡಿದರು. ಪಾಪ, ಮೂರು ವಾರ ಕಾದಿದ್ದರು.

‘ಅಮ್ಮಾ, ತಪ್ಪು ತಿಳ್ಕಬೇಡಿ. ನಮ್ ಹಳೇ ಮಿಷನ್ನು ಪೂರ್ತಿ ಕೂತೋಯ್ತು. ಸೋಮವಾರ ಬೆಳಿಗ್ಗೆ ಗಾಡಿ ತತ್ತೀನಿ. ಇನ್ನು ತಡ್ಯಕ್ಕೆ ಆಗಲ್ಲ ಅಮ್ಮಾ.’

‘ತನ್ನಿ ಭಾಯಿ. ನೀವು ಕಾದಿದ್ದೇ ಹೆಚ್ಚು’ ಎಂದೆ.

ಮಾರನೆಯ ದಿನ ಅವಳು ಫೋನು ಮಾಡಿದಾಗ ಸೋಮವಾರದ ವಿಷಯ ಹೇಳಿದೆ. ಅವಳ ಮುಖ ಸಣ್ಣದಾಯಿತು.

‘ನನ್ ಹಿಂದೆ ಬಂದೋರ್ದೆಲ್ಲ ಮುಗ್ದೋಯ್ತಾ ಅದೆ ಅಜ್ಜಿ. ನಂದು ಮಾತ್ರ ಅಲ್ಲೇ ಕೂತದೆ. ಹದ್ನೆಂಟು ದಿನ.’

‘ಹಿಂದೆ ಬಂದೋರ್ದು ಮುಂದೆ ಯಾಕ್ ಹೋಯ್ತದೆ? ಯಾರಾದ್ರೂ ನೆಂಟರಾ?’

‘ನೆಂಟ್ರಲ್ಲ. ಅವೆಲ್ಲ ಸಣ್ಣಸಣ್ಣವು.’

‘ನಿಂದೆಷ್ಟು ದೊಡ್ಡದು?’

ಅವಳು ಹೇಳಿದಳು. ನಲವತ್ತು ತಳಿ ರಾಗಿಯ ಒಳಗುಣ ಹುಡುಕುವ ಲೆಕ್ಕ, ಎಲ್ಲ ಒಂದೇ ಚೀಟಿಯಲ್ಲಿ. ಒಂದು ದಿನದಲ್ಲಿ ಮುಗಿಯಬಹುದು. ಆದರೆ ಕೇಳಿದ ಹೊತ್ತಿನೊಳಗೆ ಮುಗಿಯದಿದ್ದರೆ ಕಂಪ್ಯೂಟರು ಅರ್ಧಕ್ಕೇ ನಿಲ್ಲಿಸಿ ಹೊರಗೆ ಹಾಕುತ್ತದೆ. ಅದಕ್ಕೆ ಏಳು ದಿನ ಕೇಳಿದ್ದಾಳೆ. ಕಂಪ್ಯೂಟರೂ ಅಷ್ಟೆ, ಬೇಕಾದದ್ದಕ್ಕಿಂತ ನಾಲ್ಕು ಪಟ್ಟು.

‘ಉಕ್ಕಿ ಚೆಲ್ಬಾರ್ದು ಅಂತ ನಾಕ್ ಬೆರಳು ಜಾಗ ಬುಟ್ಟಿವ್ನಿ ಕಣಜ್ಜಿ. ನೀನೇ ಹೇಳ್ಕೊಟ್ಟಿದ್ದು.’

ಮೊದಲು ಹಿಗ್ಗಿದೆ. ಮಗು ಮರೆತಿಲ್ಲವಲ್ಲ ಎಂದು. ಆಮೇಲೆ ಎಡವಟ್ಟು ಎಲ್ಲಿ ಆಗಿದೆ ಎಂದು ಹೊಳೆಯಿತು.

‘ನಾಕ್ ಬೆರಳಲ್ಲ ಮಗ ಅದು. ಪಾವು ರಾಗಿ ಬೀಸ್ಸಕ್ಕೆ ಹಂಡೆ ಹೊತ್ಕಂಡೋಗಿದ್ದೀಯ. ಹಂಡೆ ನೋಡಿ ಮಿಲ್ನೋನು ಮೂಟೆ ಅನ್ಕಂಡವ್ನೆ.’

ನನಗೆ ಯಜಮಾನರು ನೆನಪಾಗಿ ಮಾತು ತಾನೇ ಬಂತು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಇಷ್ಟು ಹೊತ್ತು ಎಂದು ಕಟ್ಟಿ ಕೊಡುತ್ತಿದ್ದರು. ಹೋಗಲು ಕಾಲು ಗಂಟೆ ಇದೆ ಎಂದಾಗ ಅವರು ಮೂಟೆಯ ರಾಗಿಯನ್ನು ಕಲ್ಲಿಗೆ ಬಿಡುತ್ತಿರಲಿಲ್ಲ. ಸಾಲಿನ ಹಿಂದೆ ಎಲ್ಲೋ ಇರುವ ಸಣ್ಣ ಡಬ್ಬವನ್ನು ಎತ್ತಿಕೊಂಡು ಬಂದು ಬೀಸಿಬಿಡುತ್ತಿದ್ದರು. ಒಂದು ದಿನ ಹನಗೋಡಿನ ರೈತರೊಬ್ಬರು ಮೂಟೆಯ ಮೇಲೆ ಕೂತು ಜಗಳ ತೆಗೆದಿದ್ದರು. ಮಗುವೂ ಅಲ್ಲೇ ಇತ್ತು.

‘ನಿಮ್ಮಜ್ಜ ಏನಂದ್ರು ಹೇಳು ಅವತ್ತು?’ ಎಂದು ಕೇಳಿದೆ.

ಅವಳು ಅಜ್ಜನ ದನಿಯಲ್ಲೇ ಹೇಳಿದಳು: ‘“ನಿನ್ ಮೂಟೆ ಸುರುದ್ರೆ ಅರ್ಧಕ್ಕೆ ಕರೆಂಟು ಹೋಯ್ತದೆ. ಅರ್ಧ ಹಿಟ್ಟು ಅರ್ಧ ಕಾಳು ಹೊತ್ಕಂಡು ಎಂಡ್ತಿ ಮುಂದೆ ನಿಂತ್ಕಂಡೀಯ? ಆ ಎಣ್ಮಗಳ ಪಾವು ರಾಗಿ ಈ ಸಂದೀಲಿ ಮುಗೀತದೆ. ನಿನ್ ಸರದಿ ನಿನ್ನತ್ರನೇ ಅದೆ, ಕೂತ್ಕೊ.”’

ಹೇಳಿ ಮುಗಿಸಿ, ಫೋನು ಪಕ್ಕಕ್ಕಿಟ್ಟು ಏನೋ ಲೆಕ್ಕ ಬರೆಯತೊಡಗಿದಳು. ಮುಖ ಕಾಣದೆ, ಫೋನು ಕಟ್ಟಾಯಿತೇನೋ ಎಂದು ನಾನು ಎರಡು ಸಲ ಕೂಗಿದೆ.

‘ಇವ್ನಿ ಅಜ್ಜಿ. ಆ ನಲವತ್ತೂ ತಳೀನ ಒಂದೊಂದೂ ಬೇರೆಬೇರೆ ಡಬ್ಬಕ್ಕೆ ಹಾಕ್ಬೋದು. ಒಂದಕ್ಕೊಂದು ಸಂಬಂಧ ಇಲ್ಲ. ಒಂದೊಂದಕ್ಕೆ ಅರ್ಧ ಗಂಟೆ ಆದೀತು, ಒಂದು ಗಂಟೆ ಕೇಳುದ್ರೆ ಸಾಕು.’ ಆಮೇಲೆ, ‘ಇಲ್ಲಿ ಕಂಪ್ಯೂಟರಿನ ಪುಸ್ತಕದಲ್ಲೂ ಹಿಂಗೇ ಬರ್ದದೆ. ಓದಿದ್ದೆ. ತಲೆಗೇ ಹೋಗಿರ್ಲಿಲ್ಲ’ ಅಂದಳು.

‘ಮತ್ತೆ ದೊಡ್ಡ ಡಬ್ಬ?’

‘ಅದ್ನ ಎತ್ಬುಡ್ಬೇಕು. ಹದ್ನೆಂಟು ದಿನದ ಸರದಿ ಹೋಯ್ತದೆ. ಹೋಗ್ಲಿ, ಇವತ್ತೇ ಎತ್ಬುಡ್ತೀನಿ.’

ಫೋನು ಇಟ್ಟ ಮೇಲೆ ನನಗೆ ಭಯ ಶುರುವಾಯಿತು. ಹದಿನೆಂಟು ದಿನ ಕಾದ ಡಬ್ಬವನ್ನು ನನ್ನ ಮಾತು ಕೇಳಿ ಸಾಲಿನಿಂದ ಎತ್ತಿಬಿಟ್ಟಳಲ್ಲ. ನಾನು ಕಂಡದ್ದು ಒಂದು ಬೆಲ್ಟಿನ ಮಿಲ್ಲು. ಅಲ್ಲಿನ ಕಟ್ಟಳೆ ನನಗೇನು ಗೊತ್ತು? ನಾಳೆಯೇ ಅವಳ ಸರದಿ ಬರುವುದಿತ್ತೋ ಏನೋ. ಅವಳನ್ನು ನೋಡುವ ಆಸೆಗೆ ಅವಳ ಕೆಲಸವನ್ನೇ ಕೆಡಿಸಿಬಿಟ್ಟೆನೇ ಎಂದು ಶುಕ್ರವಾರವೆಲ್ಲ ಕೊರಗಿದೆ. ಫೋನು ಮಾಡಲು ಧೈರ್ಯವಿಲ್ಲ. ಅವಳೂ ಮಾಡಲಿಲ್ಲ. ಶನಿವಾರವೂ ಇಲ್ಲ.

ಶನಿವಾರ ಮಿಲ್ಲಿಗೆ ಐದು ಡಬ್ಬ ಬಂದಿದ್ದವು, ನಿಲ್ಲುತ್ತದೆಂದು ತಿಳಿದು. ಒಬ್ಬಾಕೆ ಡಬ್ಬ ಇಟ್ಟು, ‘ಮೊಮ್ಮಗ್ಳು ಬರ್ಲಿಲ್ವೇನಕ್ಕ?’ ಎಂದು ಕೇಳಿದಳು. ‘ಕ್ಯೂನಲ್ಲಿ ಅವ್ಳೆ’ ಎಂದೆ. ಆಕೆ ಏನೂ ತಿಳಿಯದೆ ತಲೆಯಾಡಿಸಿ ಹೋದಳು.

ಭಾನುವಾರ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದಾಗ ಫೋನು ಬಂತು. ಬಸ್ಸಿನ ಹಾರನ್ನು, ಕಡಲೆಕಾಯಿ ಮಾರುವವರ ಕೂಗು, ಅದರ ನಡುವೆ ಅವಳ ದನಿ.

‘ಅಜ್ಜಿ, ಮೂವತ್ತೇಳು ಆಯ್ತು. ಮೂರು ಉಳ್ದವೆ. ಮೇಷ್ಟ್ರು ಹೋಗ್ಬಾ ಅಂದ್ರು. ಹುಣಸೂರ್ ಬಸ್‌ಸ್ಟ್ಯಾಂಡಲ್ಲಿ ಇವ್ನಿ. ತಿಂಡಿ ಏನ್ ಮಾಡಿದ್ದೀಯ?’

ಪೊರಕೆ ಎಲ್ಲಿ ಬಿಟ್ಟೆನೋ ತಿಳಿಯದು. ತಿಂಡಿ ಏನೂ ಮಾಡಿರಲಿಲ್ಲ. ಹಿಟ್ಟು ಕಲಸಿ, ಸೊಪ್ಪು ಹೆಚ್ಚಿ, ರೊಟ್ಟಿ ತಟ್ಟಿ, ಒಂದನ್ನು ಸೀಯಿಸಿ, ಇನ್ನೊಂದನ್ನು ಮುರಿದು, ಮೂರನೆಯದು ಸರಿಯಾಗಿ ಬಂದಾಗ ಅವಳು ಬಾಗಿಲಲ್ಲಿದ್ದಳು. ಬಡವಾಗಿದ್ದಳು. ನಾನು ಅದನ್ನು ಹೇಳುವ ಮೊದಲೇ ಅವಳು ‘ನೀನು ಸೊರಗಿದ್ದೀಯ’ ಎಂದು ನನ್ನನ್ನೇ ಬೈದಳು. ಅವಳ ಕೆನ್ನೆ ಹಿಡಿದುಕೊಂಡೆ. ನನ್ನ ಕೈಯ ಹಿಟ್ಟು ಅವಳ ಮುಖಕ್ಕೆ ಹತ್ತಿತು. ಇಷ್ಟು ತಿಂಗಳು ನನಗೆ ಬೇಕಿದ್ದದ್ದು ಅಷ್ಟೇ.

ತಿಂಡಿ ತಿಂದು ಮಿಲ್ಲಿನ ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದಳು. ಅಲ್ಲಿ ಕಿಟಕಿಯ ಮೇಲಿಟ್ಟರೆ ಫೋನಿಗೆ ಸಿಗ್ನಲ್ಲು. ಪಾಸ್‌ವರ್ಡು, ಫೋನಿನ ಅಂಕೆ, ಆಮೇಲೆ ಕಪ್ಪು ಪರದೆ. ಏನೋ ಒಂದು ಪದ ಒತ್ತಿದಳು. ಬಿಳಿ ಅಕ್ಷರದ ಸಾಲುಗಳು ಮೇಲಿನಿಂದ ಕೆಳಕ್ಕೆ ಬಿದ್ದವು.

‘ಇದೇ ಕಣಜ್ಜಿ ಸಾಲು. ಇವು ಬೀಸ್ತಾ ಇರೋವು. ಇವು ಕಾಯ್ತಾ ಇರೋವು. ಇಲ್ನೋಡು ನನ್ನ ಮೂರು.’

ನನಗೆ ಇಂಗ್ಲಿಷ್ ಓದಲು ಬಾರದು. ಆದರೆ ಸಾಲು ನೋಡಲು ಬರುತ್ತದೆ. ಅಷ್ಟು ದೂರದ ತಣ್ಣನೆಯ ಕೋಣೆಯಲ್ಲಿ, ಯಾರೂ ಇಲ್ಲದ ಕಡೆ, ಡಬ್ಬಗಳು ಒಂದರ ಹಿಂದೊಂದು ಕೂತಿದ್ದವು. ಯಾರೂ ಯಾರದನ್ನೂ ತಳ್ಳಿರಲಿಲ್ಲ.

‘ಈ ಒಂದೇ ಹೆಸ್ರು ಇಷ್ಟು ಸಲ ಅದೆಯಲ್ಲ, ಯಾರಿದು?’

‘ಯಾರೋ ನಕ್ಷತ್ರದ್ ಲೆಕ್ಕ ಮಾಡೋರು. ನಾನು ಮುಖ ನೋಡಿಲ್ಲ.’

‘ಅವರಜ್ಜಿ ಎಲ್ಲಿ ಕಾಯ್ತಾ ಕೂತವ್ಳೋ’ ಎಂದೆ.

ಅವಳು ನಗಲಿಲ್ಲ. ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮಧ್ಯಾಹ್ನದೊಳಗೆ ಎರಡು ಮುಗಿದವು. ಒಂದು ಉಳಿಯಿತು. ಅದು ಯಾವ ರಾಗಿ ಎಂದು ಕೇಳಿದೆ. ನಮ್ಮ ಹೊಲದ್ದು ಅಂದಳು. ಎರಡು ವರ್ಷದ ಹಿಂದೆ ಹೊರಟಾಗ ಈ ಮಿಲ್ಲಿನ ಡಬ್ಬದಿಂದಲೇ ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದಳಂತೆ. ನನಗೆ ಹೇಳಿಯೇ ಇರಲಿಲ್ಲ.

ಸಂಜೆಯ ಬಿಸಿಲು ಬಾಗಿಲಿಗೆ ಬಂದಾಗ ಕೊನೆಯ ಡಬ್ಬ ಬೀಸಿಸಿದೆವು. ಅಟ್ಟದಿಂದ ಅವಳ ಹಾಲಿನ ಪುಡಿಯ ಡಬ್ಬ ಇಳಿಸಿ ಕೊಟ್ಟೆ. ರಾಗಿ ತುಂಬಿಸಿ, ತನ್ನ ಬೆರಳು ಇಟ್ಟು ಅಳೆದಳು. ಈಗ ಅವಳ ಬೆರಳೂ ನನ್ನವಷ್ಟೇ ದಪ್ಪ. ಡಬ್ಬವನ್ನು ಬಾಗಿಲಲ್ಲಿಟ್ಟು, ಯಾರೂ ಇಲ್ಲದ ಸಾಲಿನಲ್ಲಿ ಒಂದೊಂದೇ ಹೆಜ್ಜೆ ಕಾಲಿನಿಂದ ತಳ್ಳುತ್ತ ಕಲ್ಲಿನವರೆಗೆ ತಂದಳು. ಬೇಗ ತಾ ಎಂದು ನಾನು ಹೇಳಲಿಲ್ಲ. ಸ್ಟಾರ್ಟರ್ ಅವಳೇ ಒತ್ತಿದಳು. ಹಿಟ್ಟು ಬಿದ್ದಾಗ ಅಜ್ಜನ ಹಾಗೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ, ‘ಬಿಗಿ ಸಾಲ್ದು’ ಎಂದು ಕಲ್ಲನ್ನು ಚೂರು ಬಿಗಿದಳು. ಅವರು ಇದನ್ನು ನೋಡಬೇಕಿತ್ತು. ಹಿಟ್ಟು ಉಬ್ಬಿ ಸರಿಯಾಗಿ ಬಾಯಿಗೆ ಬಂದು ನಿಂತಿತು.

ಸೋಮವಾರ ಭಾಯಿ ಬಂದು ಬೆಲ್ಟು ಬಿಚ್ಚಿದರು. ಕಲ್ಲನ್ನು ಗೋಣಿ ಸುತ್ತಿ ಗಾಡಿಗೆ ಹತ್ತಿಸುವಾಗ ಅವಳೂ ಕೈಜೋಡಿಸಿದಳು. ಭಾಯಿ ಅವಳನ್ನು ನೋಡಿ, ‘ಈ ಮಗೂಗಾ ನಾವ್ ಮೂರ್ ವಾರ ಕಾದಿದ್ದು? ಡಾಕ್ಟ್ರಾದ್ಮೇಲೆ ನಮ್ ಖಾರಕ್ಕೂ ಏನಾದ್ರೂ ಓದವ್ವ’ ಅಂದರು.

ಮಂಗಳವಾರ ಅವಳು ಹೊರಟಳು. ಹಿಟ್ಟನ್ನು ಬ್ಯಾಗಿನಲ್ಲಿದ್ದ ಚೀಲಕ್ಕೆ ಸುರಿದುಕೊಂಡಳು. ಖಾಲಿ ಡಬ್ಬವನ್ನು ತೊಳೆದು, ಒರೆಸಿ, ಮಿಲ್ಲಿನೊಳಗೆ ಹೋದಳು. ಮೋಟಾರು ಇದ್ದ ಕಡೆ ಈಗ ನಾಲ್ಕು ಬೋಲ್ಟಿನ ತೂತು ಮಾತ್ರ. ಬಾಗಿಲ ಹತ್ತಿರ, ನೆಲದ ಗೆರೆ ಶುರುವಾಗುವ ಜಾಗದಲ್ಲಿ ಡಬ್ಬ ಇಟ್ಟಳು.

‘ಇದೇನ್ ಮಗ, ಬೀಸೋಕೆ ಕಲ್ಲೇ ಇಲ್ವಲ್ಲ’ ಎಂದೆ.

‘ಡಬ್ಬ ಇಟ್ಟೋಯ್ತಾ ಇವ್ನಿ. ಸರದಿ ಹೋಗ್ಕೂಡ್ದು ನೋಡ್ಕೊ’ ಅಂದಳು.

ಬಸ್ಸು ಪಿರಿಯಾಪಟ್ಟಣದಿಂದ ಬರುವಾಗಲೇ ತುಂಬಿತ್ತೆಂದು, ಹುಣಸೂರಿನಿಂದ ನಿಂತೇ ಹೋಗುತ್ತಿದ್ದೇನೆ ಎಂದು ಫೋನು ಮಾಡಿದಳು. ಅದೇ ಫೋನಿನಲ್ಲಿ, ನಮ್ಮ ಹೊಲದ ರಾಗಿಯೂ ಮುಗಿದು ಬಂತೆಂದೂ, ಏನು ಬಂದಿದೆ ಎಂದು ಇನ್ನು ಕೂತು ನೋಡಬೇಕೆಂದೂ ಹೇಳಿದಳು.

ಈಗ ದಿನಾ ಬೆಳಿಗ್ಗೆ ಅಲ್ಲಿ ಗುಡಿಸುತ್ತೇನೆ. ಡಬ್ಬದ ಸುತ್ತ ಗುಡಿಸುತ್ತೇನೆ, ಅದನ್ನು ಎತ್ತುವುದಿಲ್ಲ.